ಟೈರಿಗೆ ಡೀಸೆಲ್ ಹಚ್ಚಬೇಡಿ ಕಾಕಾ

ಕಾಕಾ: (ವಿಡಿಯೊ) ಎಲ್ಲರೂ ನೋಡಿ. ಅರ್ಧ ಲೋಟ ಡೀಸೆಲ್, ಎರಡು ಚಮಚ ಕೊಬ್ಬರಿ ಎಣ್ಣೆ, ಟೈರ್ ಹೊಸದರ ಹಾಗೆ ಹೊಳೆಯುತ್ತದೆ. ಅಂಗಡಿಯ ಪಾಲಿಶ್‌ಗೆ ಸುಮ್ನೆ ದುಡ್ಡು ಯಾಕೆ? ಭಾನುವಾರ ಮದುವೆಗೆ ಕಲಬುರಗಿಯಿಂದ ಬೀದರಿಗೆ ಹೊರಡುವ ಮೊದಲು ನಾಲ್ಕೂ ಟೈರಿಗೆ ಹಚ್ಚುತ್ತೇನೆ.

ನಾನು: ಕಾಕಾ, ದಯವಿಟ್ಟು ಬೇಡ. ಡೀಸೆಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಎಲ್ಲದರ ಕಥೆಯೂ ಅದೇ.

ಮಾಮಾ: ಏನಪ್ಪಾ, ವಾಟರ್ ಸರ್ವಿಸ್‌ನವರು ಮೊದಲಿನಿಂದಲೂ ಡೀಸೆಲ್ ಹೊಡೆಯುತ್ತಾರಲ್ಲ? ನಮ್ಮ ಗಾಡಿಗೆ ಏನೂ ಆಗಲಿಲ್ಲ.

ನಾನು: ಮಾಮಾ, ಅದನ್ನು ಹೊಡೆಯುತ್ತಿದ್ದದ್ದು ಗಾಡಿಯ ತಳಕ್ಕೆ, ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದು ಅಂತ. ರಬ್ಬರ್ ಕಬ್ಬಿಣ ಅಲ್ಲ ಅಲ್ವಾ? ನಂಬಿಕೆ ಬರದಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆಸಿಡಿ, ಬೆಳಿಗ್ಗೆ ತೆಗೆದು ನೆನೆಸದ ಇನ್ನೊಂದರ ಪಕ್ಕ ಇಟ್ಟು ಎಳೆದು ನೋಡಿ. ಇನ್ನು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಒಂದು ಸಲ ಹೋದರೆ ಸಾಕು, ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ.

ಕಾಕಾ: ನಮ್ಮ ಟೈರ್ ಕಂದು ಬಣ್ಣಕ್ಕೆ ತಿರುಗಿದೆ. ಹಾಗೇ ಬಿಡಬೇಕಾ?

ನಾನು: ಆ ಕಂದು ಬಣ್ಣ ರೋಗ ಅಲ್ಲ ಕಾಕಾ. ಗಾಳಿಯಲ್ಲಿರುವ ಓಝೋನ್‌ನಿಂದ ರಬ್ಬರ್ ಬಿರಿಯಬಾರದು ಅಂತ ಕಂಪನಿಯವರೇ ಒಳಗೆ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಚಕ್ರ ಉರುಳುತ್ತಾ ಇದ್ದ ಹಾಗೆ ಅದು ಮೇಲಕ್ಕೆ ಬಂದು ಕಂದಾಗುತ್ತದೆ. ಅದಕ್ಕೇ ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಗಾಡಿಯ ಟೈರ್ ಬೇಗ ಬಿರುಕು ಬಿಡುತ್ತದೆ. ಶಾಂಪೂ ಹಾಕಿ ಬ್ರಷ್‌ನಿಂದ ಉಜ್ಜಿದರೆ ಕಂದು ಹೋಗುತ್ತದೆ, ಅಷ್ಟೇ ಸಾಕು.

ವೈನಿ: ಹಾಗಾದರೆ ಯಾವ ಪಾಲಿಶ್ ತರಬೇಕು ಅಂತ ಹೇಳಿಬಿಡು. ಅಂಗಡಿಯಲ್ಲಿ ಹತ್ತು ಥರ ಇಟ್ಟಿರುತ್ತಾರೆ.

ನಾನು: ವೈನಿ, ನೀರಿನಲ್ಲಿ ಮಾಡಿದ್ದು ಕೇಳಿ ತನ್ನಿ. ಹಾಲಿನ ಹಾಗೆ ಬೆಳ್ಳಗೆ ಇರುತ್ತದೆ. ಒಣಗಿದ ಮೇಲೆ ಕೈಗೆ ಅಂಟುವುದಿಲ್ಲ, ಹೊಳಪೂ ಜಾಸ್ತಿ ಇರುವುದಿಲ್ಲ, ಟೈರ್ ಬರೀ ಕಪ್ಪಗೆ ಕಾಣುತ್ತದೆ. ಇನ್ನೊಂದು ಥರದ್ದು ಪೆಟ್ರೋಲಿಯಂ ಎಣ್ಣೆಯಲ್ಲಿ ಹೊಳಪು ಕೊಡುವ ಸಿಲಿಕೋನ್ ಕರಗಿಸಿ ಮಾಡಿದ್ದು. ಅದು ಕನ್ನಡಿಯ ಹಾಗೆ ಮಿಂಚುತ್ತದೆ, ಆದರೆ ಮೂಗಿಗೆ ಪೇಂಟ್ ಅಂಗಡಿಯ ವಾಸನೆ ಹೊಡೆಯುತ್ತದೆ, ಬಾಟಲಿ ಮೇಲೆ ಬೆಂಕಿಯ ಚಿತ್ರ ಇರುತ್ತದೆ. ಚಕ್ರ ತಿರುಗಿದಾಗ ಸಿಡಿದು ಬಾಗಿಲಿನ ಮೇಲೆಲ್ಲ ಕಪ್ಪು ಚುಕ್ಕಿ ಮಾಡುವುದೂ ಹೆಚ್ಚಾಗಿ ಇದೇ. ಸಿಲಿಕೋನ್ ಅಂದ ಕೂಡಲೇ ಹೆದರಬೇಡಿ, ನೀರಿನ ಪಾಲಿಶ್‌ನಲ್ಲೂ ಅದು ಇರುತ್ತದೆ. ತಕರಾರು ಇರುವುದು ಆ ಎಣ್ಣೆಯ ಮೇಲೆ.

ನಾನು: ಹಚ್ಚುವುದೂ ನೋಡಿ ಹಚ್ಚಿ. ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಟೈರ್ ಮುಟ್ಟಲೂ ಆಗುವುದಿಲ್ಲ, ಆದ್ದರಿಂದ ಬೆಳಿಗ್ಗೆ ನೆರಳಲ್ಲಿ, ತೊಳೆದು ಪೂರ್ತಿ ಒಣಗಿದ ಮೇಲೆ. ಸ್ಪಂಜಿಗೆ ಸ್ವಲ್ಪ ಹಾಕಿಕೊಂಡು ಬದಿಗೆ ಮಾತ್ರ ತೆಳ್ಳಗೆ. 15 ನಿಮಿಷ ಬಿಟ್ಟು ಉಳಿದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ರಸ್ತೆಗೆ ತಾಗುವ ಭಾಗಕ್ಕೂ ಬ್ರೇಕ್ ಡಿಸ್ಕಿಗೂ ಒಂದು ಹನಿ ಬೀಳಬಾರದು.

ಅಕ್ಕ: ಸ್ಕೂಟರಿಗೆ ಯಾವುದೂ ಬೇಡ! ಹೋದ ವರ್ಷ ತೊಳೆಯಲು ಕೊಟ್ಟಲ್ಲಿ ಚಂದ ಕಾಣಲಿ ಅಂತ ಟೈರಿಗೆಲ್ಲ ಸ್ಪ್ರೇ ಹೊಡೆದು ಕಳಿಸಿದ್ದರು. ಅಪ್ಪನ ಕೆರೆ ಹತ್ತಿರ ತಿರುವಿನಲ್ಲಿ ಜಾರಿ ಬಿದ್ದೆ, ಮೊಣಕಾಲಿನ ಕಲೆ ಇನ್ನೂ ಹೋಗಿಲ್ಲ.

ನಾನು: ಅಕ್ಕ ಹೇಳಿದ್ದು ಸರಿ. ಎರಡು ಗಾಲಿಯ ಗಾಡಿ ತಿರುವಿನಲ್ಲಿ ವಾಲುತ್ತದೆ, ಟೈರಿನ ಅಂಚೂ ರಸ್ತೆಗೆ ತಾಗುತ್ತದೆ. ಅದಕ್ಕೆ ನೀರಿನ ಪಾಲಿಶ್ ಕೂಡ ಹಚ್ಚಬಾರದು.

ಮಾಮಾ: ಇಷ್ಟೆಲ್ಲ ತಲೆನೋವು ಯಾಕೆ, ಪಾಲಿಶೇ ಬೇಡ ಬಿಡಿ.

ನಾನು: ನಿಜ ಹೇಳಬೇಕು ಅಂದರೆ ಹಚ್ಚದಿದ್ದರೆ ನಷ್ಟವೇನೂ ಇಲ್ಲ ಮಾಮಾ. ನನಗೆ ಚಿಂತೆ ಇರುವುದು ಬೇರೆ. ಕಾಕಾ, ಟೈರಿನ ಬದಿಯಲ್ಲಿ ಡಿಓಟಿ (DOT) ಅಂತ ಇಂಗ್ಲಿಷಿನಲ್ಲಿ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ, ಈಗಲೇ ನೋಡಿ ಹೇಳುತ್ತೀರಾ? ಒಂದು ಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಇರುತ್ತದೆ.

ಕಾಕಾ: ಬ್ಯಾಟರಿ ಹಿಡಿದು ನೋಡಿ ಬಂದೆ. 3215.

ನಾನು: 2015ರ 32ನೇ ವಾರ ತಯಾರಾದದ್ದು ಅಂತ ಅರ್ಥ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹತ್ತಾದರೆ ಸವೆಯದಿದ್ದರೂ ಬದಲಿಸಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಬದಿಯಲ್ಲಿ ಬಿರುಕು ಇದೆಯಾ?

ಕಾಕಾ: ಸಣ್ಣ ಸಣ್ಣದು ಇದೆ. ಹೋದ ತಿಂಗಳು ತೊಳೆಸಿದಾಗ ಹೊಳೆಯುತ್ತಿತ್ತು, ಗೊತ್ತೇ ಆಗಲಿಲ್ಲ.

ನಾನು: ಅದೇ ಕಾಕಾ, ನಾನು ಹೆದರಿದ್ದು ಅದಕ್ಕೇ. ಹುಮನಾಬಾದ್ ಮೇಲೆ ಬೀದರಿಗೆ 100 ಕಿಲೋಮೀಟರಿಗಿಂತ ಜಾಸ್ತಿ, ಈ ಟೈರಿನಲ್ಲಿ ಬೇಡ. ಭಾನುವಾರ ನನ್ನ ಗಾಡಿಯಲ್ಲೇ ಎಲ್ಲರೂ ಹೋಗೋಣ, ಸೋಮವಾರ ಟೈರ್ ಅಂಗಡಿಗೆ ನಾನೇ ಜೊತೆಗೆ ಬರುತ್ತೇನೆ.

ಕಾಕಾ: ಆಯಿತು. ಎಷ್ಟು ಗಂಟೆಗೆ ಹೊರಡುವುದು?

ವೈನಿ: ಆರಕ್ಕೆ. ಸ್ಟೆಪ್ನಿಯದೂ ಅಂಕಿ ನೋಡಿಬಿಡಿ.