ಪದಚರ್ಚೆ: ಸಣ್ಣ ದೇಶ ಸೇನಾ ಮೈತ್ರಿ ಸೇರಿದರೆ ಅದು ‘ಆಶ್ರಯ’ವೇ?

ಬಲ್ಲವರಿಗೆಲ್ಲ ಬೀದರಿನಿಂದ ನಮಸ್ಕಾರ.

ಪದವಿ ತರಗತಿಯ ರಾಜ್ಯಶಾಸ್ತ್ರದ ಉತ್ತರ ಪತ್ರಿಕೆಗಳ ಮೌಲ್ಯಮಾಪನದಲ್ಲಿದ್ದೇನೆ. ಔರಾದ ಕಡೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದಿದ್ದಾಳೆ: ‘ರಷ್ಯಾದ ಭಯದಿಂದ ಫಿನ್‌ಲೆಂಡ್ 2023ರಲ್ಲಿ ನ್ಯಾಟೊದ ಆಶ್ರಯ ಪಡೆಯಿತು.’ ನ್ಯಾಟೊ ಎಂದರೆ ಅಮೆರಿಕ, ಕೆನಡಾ ಮತ್ತು ಯುರೋಪಿನ ಹಲವು ದೇಶಗಳ ಸೇನಾ ಕೂಟ. ಇಸವಿ ಸರಿಯಿದೆ, ಕಾರಣವೂ ಸರಿಯಿದೆ. ‘ಆಶ್ರಯ’ದ ಕೆಳಗೆ ಕೆಂಪು ಗೆರೆ ಎಳೆದೆ. ಅಂಚಿನಲ್ಲಿ ಬದಲಿ ಪದ ಬರೆಯಲು ಹೋದರೆ ಒಂದೂ ಒಗ್ಗಲಿಲ್ಲ.

ಆಶ್ರಯ ಎಂದರೆ ಕೈಲಾಗದವನು ಬಲವಿದ್ದವನ ಸೂರಿನಡಿ ಬಂದು ನಿಲ್ಲುವುದು. ಫಿನ್‌ಲೆಂಡ್ ಬರಿಗೈಯಲ್ಲಿ ಹೋದ ದೇಶವಲ್ಲ. ಅಲ್ಲಿ ಗಂಡಸರಿಗೆ ಸೇನಾ ಸೇವೆ ಕಡ್ಡಾಯ. ಯುದ್ಧ ಬಂದರೆ ಸುಮಾರು 2,80,000 ಮಂದಿಯ ಪಡೆ ನಿಲ್ಲಿಸಬಲ್ಲದು. 1939ರ ಚಳಿಗಾಲದಲ್ಲಿ ಸೋವಿಯತ್ ಸೇನೆ ಮೇಲೆ ಬಿದ್ದಾಗ ಹೆಚ್ಚುಕಡಿಮೆ ಒಂಟಿಯಾಗಿ ಕಾದಾಡಿ, ನೆಲ ಕಳೆದುಕೊಂಡರೂ ಸ್ವಾತಂತ್ರ್ಯ ಉಳಿಸಿಕೊಂಡಿತು. 1948ರಲ್ಲಿ ಮಾಸ್ಕೋದೊಡನೆ ಒಪ್ಪಂದ ಮಾಡಿಕೊಂಡು, ಮುಂದೆ ದಶಕಗಳ ಕಾಲ ದೊಡ್ಡ ನೆರೆಯವನ ಮನಸ್ಸು ಕೆಡದಂತೆ ಎಚ್ಚರದಿಂದ ನಡೆದುಕೊಂಡಿತು. ಆ ದಾರಿ ಬಿಟ್ಟಿದ್ದೇಕೆ? ಉಕ್ರೇನನ್ನು ನೋಡಿ. 2008ರಲ್ಲಿ ಬುಖಾರೆಸ್ಟಿನಲ್ಲಿ ಉಕ್ರೇನ್ ಮತ್ತು ಜಾರ್ಜಿಯಾಗಳಿಗೆ ನ್ಯಾಟೊ ‘ಮುಂದೆ ಸದಸ್ಯರಾಗುತ್ತೀರಿ’ ಎಂದಿತು, ಯಾವಾಗ ಎಂದು ಹೇಳಲಿಲ್ಲ. ಅದೇ ವರ್ಷ ಜಾರ್ಜಿಯಾಕ್ಕೂ ರಷ್ಯಾಕ್ಕೂ ಯುದ್ಧವಾಯಿತು. 2022ರಲ್ಲಿ ಉಕ್ರೇನಿನ ಸರದಿ. ಹೊರಗಿದ್ದವನಿಗೆ ಶಸ್ತ್ರ ಬರುತ್ತದೆ, ಸೈನ್ಯ ಬರುವುದಿಲ್ಲ ಎಂಬುದನ್ನು ರಷ್ಯಾದೊಡನೆ 1,300 ಕಿಲೋಮೀಟರಿಗೂ ಮೀರಿದ ಗಡಿಯಿರುವ ದೇಶ ಕಣ್ಣಾರೆ ಕಂಡಿತು.

ಇನ್ನು, ಒಳಗೆ ಹೋದದ್ದರಿಂದ ಹೊಣೆಯೂ ಬಂತು. ನ್ಯಾಟೊ ಒಪ್ಪಂದದ 5ನೇ ವಿಧಿಯಂತೆ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ; ಪ್ರತಿಯೊಬ್ಬರೂ ತಮಗೆ ಅಗತ್ಯವೆನಿಸಿದ ನೆರವು ನೀಡಬೇಕು. ಈ ವಿಧಿ ಇದುವರೆಗೆ ಜಾರಿಗೆ ಬಂದಿದ್ದು ಒಮ್ಮೆ ಮಾತ್ರ, ಅದೂ 2001ರಲ್ಲಿ ಕೂಟದ ಹಿರಿಯಣ್ಣ ಅಮೆರಿಕದ ಪರವಾಗಿ. ತೊಗರಿ ರಾಶಿಯ ಹೊತ್ತಿಗೆ ರೈತರು ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗುತ್ತಾರಲ್ಲ, ಇದು ಆ ಬಗೆಯ ಕೊಡುಕೊಳೆ. ಆಶ್ರಯದಲ್ಲಿ ಈ ಅರ್ಥ ಎಲ್ಲಿದೆ?

ಆಶ್ರಯ ನಿಜವಾಗಿ ಹೊಂದುವುದು ನಮ್ಮದೇ ಸೀಮೆಯ ಚರಿತ್ರೆಗೆ. 1795ರಲ್ಲಿ ಖರ್ಡಾದಲ್ಲಿ ಮರಾಠರಿಗೆ ಸೋತ ಹೈದರಾಬಾದಿನ ನಿಜಾಮ 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ. ಫ್ರೆಂಚರು ತರಬೇತಿ ಕೊಟ್ಟ ಪಡೆಯನ್ನು ಬಿಟ್ಟ. ಕಂಪನಿಯ ಪಡೆಯ ಖರ್ಚಿಗೆಂದು 1800ರಲ್ಲಿ ಬಳ್ಳಾರಿ, ಕಡಪ ಸೀಮೆಗಳನ್ನೇ ಬರೆದುಕೊಟ್ಟ. ನೆರೆಯ ಬಲಶಾಲಿಯ ಭಯ ಎರಡೂ ಕಡೆ ಒಂದೇ. ಆದರೆ ನಿಜಾಮನಿಗೆ ಮಾತು ಹಿಂಪಡೆಯುವ ದಾರಿ ಇರಲಿಲ್ಲ. ನ್ಯಾಟೊ ಸದಸ್ಯ ಒಂದು ವರ್ಷದ ಸೂಚನೆ ಕೊಟ್ಟು ಹೊರಬರಬಹುದು. ಇವೆರಡಕ್ಕೂ ಒಂದೇ ಪದ ಬಳಸಿದರೆ ಮಕ್ಕಳಿಗೆ ತಪ್ಪು ತಿಳಿವಳಿಕೆ ಕೊಟ್ಟಂತೆ.

‘ಮೈತ್ರಿ’ ಎನ್ನೋಣವೆಂದರೆ ಅದರ ಬೇರಿನಲ್ಲೇ ಸ್ನೇಹವಿದೆ. ಗ್ರೀಸ್ ಮತ್ತು ಟರ್ಕಿ 1952ರಲ್ಲಿ ಒಟ್ಟಿಗೆ ನ್ಯಾಟೊ ಸೇರಿದ್ದು ಪರಸ್ಪರ ಪ್ರೀತಿಯಿಂದಲ್ಲ. ಮೇಲಾಗಿ ‘ಮೈತ್ರಿಕೂಟ’ ಎಂದೊಡನೆ ವಿದ್ಯಾರ್ಥಿಗಳಿಗೆ ಚುನಾವಣೆಯ ಸೀಟು ಹಂಚಿಕೆ ನೆನಪಾಗುತ್ತದೆ. ‘ಒಕ್ಕೂಟ’ ಹಾಲಿನವರ ಪಾಲಾಗಿದೆ. ಕೌಟಿಲ್ಯನ ಷಾಡ್ಗುಣ್ಯದಲ್ಲಿ, ಅಂದರೆ ಪರರಾಜ್ಯದೊಡನೆ ನಡೆದುಕೊಳ್ಳುವ ಆರು ನೀತಿಗಳಲ್ಲಿ, ‘ಸಂಶ್ರಯ’ವಿದೆ: ಬಲವಿಲ್ಲದವನು ಬಲವಿದ್ದವನನ್ನು ಸೇರುವುದು. ತನಗಿಂತ ಬಲವಂತನ ಸಹವಾಸ ರಾಜನಿಗೆ ದೊಡ್ಡ ಕೇಡು, ಶತ್ರುವಿನೊಡನೆ ಹೋರಾಟಕ್ಕೆ ಬಿದ್ದಾಗ ಮಾತ್ರ ಅದು ಸಲ್ಲುತ್ತದೆ ಎಂದೂ ಅವನು ಎಚ್ಚರಿಸುತ್ತಾನೆ. ವಿಚಾರ ಚೆನ್ನಾಗಿದೆ, ಆದರೆ ಇಲ್ಲಿಯೂ ಹೊಣೆ ಒಂದೇ ಕಡೆಯದು.

ಸದ್ಯಕ್ಕೆ ‘ಪರಸ್ಪರ ರಕ್ಷಣಾ ಒಪ್ಪಂದ’ ಎಂದು ಅಂಚಿನಲ್ಲಿ ಬರೆದಿದ್ದೇನೆ. ಅರ್ಥ ತಪ್ಪಿಲ್ಲ, ಆದರೆ ಉದ್ದ. ವಾಕ್ಯದಲ್ಲಿ ಕ್ರಿಯಾಪದವಾಗಿ ಬಗ್ಗುವುದಿಲ್ಲ. ಬೆದರಿಸುವ ಬಲಶಾಲಿಯ ಎದುರು ಇತರರೊಡನೆ ಬಲ ಕೂಡಿಸುವುದಕ್ಕೆ ‘ಎದುರುಬಲ ಕೂಡುವುದು’ ಎಂದರೆ ಹೇಗೆ? ಹಾಗಾದರೆ ಬೆಲಾರೂಸ್‌ನಂತೆ ಬಲಿಷ್ಠ ನೆರೆಯವನ ಪಕ್ಷವನ್ನೇ ಸೇರುವ ದೇಶಕ್ಕೆ ‘ಬಲವಂತನ ಬದಿ ಸೇರುವುದು’ ಎಂದು ಬೇರೆ ಮಾಡಬಹುದು. ಸಾಮಂತನಾಗಿ ಅಲ್ಲ, ಸರಿಸಮನಾಗಿ ಇನ್ನೊಬ್ಬ ಅರಸನೊಡನೆ ಪಡೆ ಕೂಡಿಸಿದ್ದನ್ನು ಹೇಳುವ ಪದವನ್ನು ಶಾಸನಗಳಲ್ಲಿಯೋ ಹಳಗನ್ನಡ ಕಾವ್ಯಗಳಲ್ಲಿಯೋ ಕಂಡವರಿದ್ದರೆ, ಬಳಕೆಯ ಸಾಲಿನ ಸಮೇತ ತಿಳಿಸಿ.