ಕೆಂಪು, ಹಳದಿ ಒಟ್ಟಿಗೆ ಉರಿದರೆ?

ಕುಂಬಳೆಯ ರಿಕ್ಷಾದವ: ಬ್ರಿಟನ್ನಿನಲ್ಲಿರುವ ಮಗಳು ವಿಡಿಯೊ ಕಳುಹಿಸಿದ್ದಾಳೆ. ಸಿಗ್ನಲ್‌ನಲ್ಲಿ ಕೆಂಪು, ಹಳದಿ ಎರಡೂ ಒಟ್ಟಿಗೆ ಉರಿಯುತ್ತಿವೆ. 30 ವರ್ಷ ಕಾಸರಗೋಡಿನಲ್ಲಿ ರಿಕ್ಷಾ ಓಡಿಸಿದವನು ನಾನು. ದೀಪ ಕೆಟ್ಟಿದೆಯೆಂದೇ ಭಾವಿಸಿದೆ. ಏನಿದು?

ಮಂಜೇಶ್ವರದ ಮಾಸ್ತರ: ಕೆಟ್ಟಿಲ್ಲ ಮಾರಾಯರೇ. ಅಲ್ಲಿ ಹಸಿರಿಗೆ ಮುನ್ನ ಹಾಗೆ ಉರಿಯುತ್ತದೆ. ಗೇರ್ ಹಾಕಿ ಸಿದ್ಧರಾಗಿ, ಆದರೆ ಕದಲಬೇಡಿ ಎಂದರ್ಥ. ಜರ್ಮನಿಯಲ್ಲೂ ಇದೇ ಕ್ರಮ. ನಮ್ಮಲ್ಲಿ ಕೆಂಪಿನಿಂದ ನೇರ ಹಸಿರು. ಎಚ್ಚರಿಸಲು ಹಿಂದಿನ ಬಸ್ಸಿನ ಹಾರ್ನ್ ಇದೆಯಲ್ಲ!

ಬದಿಯಡ್ಕದ ಓದುಗ: ಆಸ್ಟ್ರಿಯಾದಲ್ಲಿ ಹಳದಿ ಬರುವ ಮುನ್ನ ಹಸಿರು 4 ಸಲ ಮಿನುಗುತ್ತದೆ. ಜಪಾನಿನವರು ಹಸಿರು ದೀಪವನ್ನು ‘ಆವೊ’, ಅಂದರೆ ನೀಲಿ ಎನ್ನುತ್ತಾರೆ. 1973ರಲ್ಲಿ ಸರ್ಕಾರ ಹೆಸರನ್ನು ಹಾಗೆಯೇ ಬಿಟ್ಟು ದೀಪವನ್ನೇ ನೀಲಿಯತ್ತ ವಾಲಿಸಿತು.

ಕುಂಬಳೆಯ ರಿಕ್ಷಾದವ: ಸರಿ. ‘ಅದನ್ನು ಸರಿಮಾಡಿಸಲು ಹೇಳು’ ಎಂದು ಮಗಳಿಗೆ ಆಗಲೇ ಸಂದೇಶ ಕಳುಹಿಸಿಬಿಟ್ಟಿದ್ದೇನೆ.