ಈ ವಾರದ ಸಮಸ್ಯೆ: ಮಲಗಿದವನೇ ಮನೆಯ ಕಾಯ್ದನಲ್ಲಾ

ಪಂಚಮಾತ್ರಾ ಚೌಪದಿ. ಕೊಟ್ಟಿರುವುದು ಕೊನೆಯ ಸಾಲು, ಮೊದಲ ಮೂರು ಸಾಲು ಕಟ್ಟಿ ಪದ್ಯ ಪೂರ್ತಿ ಮಾಡೋದು (ಪೂರಣ) ನಿಮ್ಮ ಕೆಲಸ. ಲಘು ಅಂದರೆ ಒಂದು ಮಾತ್ರೆಯ ಅಕ್ಷರ, ಗುರು ಅಂದರೆ ಎರಡು ಮಾತ್ರೆಯದ್ದು, ಗಣ ಅಂದರೆ ಅವುಗಳ ಗುಂಪು. 1 ಮತ್ತು 3ನೇ ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗಣ. 2 ಮತ್ತು 4ಕ್ಕೆ ಮೂರು ಗಣ, ಮೇಲೊಂದು ಗುರು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ‘ಲ’, ಅದರ ಹಿಂದಿನದು ಲಘು.

ವಸ್ತು: ಪ್ರಧಾನಿ ದೇವೇಗೌಡರ ನಿದ್ದೆ. 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಅವರು ಆ ಕುರ್ಚಿಯಲ್ಲಿದ್ದರು. ಪತ್ರಿಕೆಗಳಿಗೆ ಅವರ ತೂಕಡಿಕೆಯ ಫೋಟೋ ಸಿಕ್ಕಿದ್ದೇ ಹಬ್ಬ. ಇವತ್ತಿಗೂ ಗೌಡರು ಅಂದ್ರೆ ಎಷ್ಟೋ ಜನರಿಗೆ ಕಣ್ಣೆದುರು ಬರೋದು ಅದೇ ಚಿತ್ರ. ‘ಮನೆ’ ಅಂದರೆ ಸದನ ಅಂತಲೂ ತಗೋಬಹುದು.

ಮುದ್ದೆಬಸ್ಸಾರು:

ಹೊಲದ ಮಗ ದಿಲ್ಲಿಯಲಿ ಕಣ್ಮುಚ್ಚಿ ಕುಳಿತಿರಲು
ಹಲವರದೆ ಚಿತ್ರವನು ಬರೆದು ನಗಲು
ಜಲದ ಜಗಳವ ಬಿಡಿಸಿ ಗಂಗೆಯನು ಹಂಚಿದನು
ಮಲಗಿದವನೇ ಮನೆಯ ಕಾಯ್ದನಲ್ಲಾ

ಮೂರನೇ ಸಾಲಿನಲ್ಲಿರೋದು 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಆದ ಫರಕ್ಕಾ ಒಪ್ಪಂದ, ಗಂಗೆಯ ನೀರು ಹಂಚಿಕೆಯದ್ದು. 30 ವರ್ಷದ್ದು.

ಲಘುಗುರು: ಪದ್ಯ ಚೆನ್ನಾಗಿದೆ. ಆದರೆ ಗಂಗೆಯ ಪುಣ್ಯವನ್ನೆಲ್ಲ ಗೌಡರೊಬ್ಬರಿಗೇ ಕೊಟ್ಟುಬಿಟ್ರಲ್ಲ! ವಿದೇಶಾಂಗ ಮಂತ್ರಿಯಾಗಿದ್ದ ಗುಜ್ರಾಲ್, ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಇವರ ಪಾಲೂ ಇದೆ.

ಮುದ್ದೆಬಸ್ಸಾರು: ಒಪ್ಪಿದೆ. ನಾಲ್ಕೇ ಸಾಲು ಕೊಟ್ಟಿದ್ದೀರಿ, ಅವರನ್ನೆಲ್ಲ ಎಲ್ಲಿ ಕೂರಿಸಲಿ?

ಲಘುಗುರು: ಸರಿ, ನನ್ನದೂ ಒಂದು ಇರಲಿ.

ಕೆಲರು ನಕ್ಕರು ನೋಡಿ ಜೋಂಪು ಹತ್ತಿದ ಕಣ್ಣ
ಫಲವೇನು? ತೆರಿಗೆಗಳ ಭಾರವಿಳಿಯೆ
ಕಲಿತ ಜನರದಕಿಟ್ಟ ಹೆಸರು ‘ಕನಸಿನ ಬಜೆಟ್’
ಮಲಗಿದವನೇ ಮನೆಯ ಕಾಯ್ದನಲ್ಲಾ

1997ರ ಫೆಬ್ರವರಿ 28ರ ಬಜೆಟ್. ಆದಾಯ ತೆರಿಗೆಯ ಗರಿಷ್ಠ ದರ ಶೇ. 40ರಿಂದ 30ಕ್ಕೆ ಇಳಿದಿತ್ತು.

ಮುದ್ದೆಬಸ್ಸಾರು: ಕನಸು ಕಂಡವರು ಹಣಕಾಸು ಮಂತ್ರಿಯಾಗಿದ್ದ ಚಿದಂಬರಂ, ನಿದ್ದೆ ಮಾತ್ರ ಗೌಡರದ್ದು! ಈಗ ಪಾಲಿನ ಮಾತು ಎಲ್ಲಿ ಹೋಯ್ತು ಸ್ವಾಮಿ?

ಹೊಳೆದಂಡೆ: ನಗು ಬರೀ ನಿದ್ದೆಯದ್ದಲ್ಲ. ಪಂಚೆ, ಮುದ್ದೆ, ಹಿಂದಿ ಎಲ್ಲ ಸೇರಿತ್ತು. ಕೆಂಪುಕೋಟೆಯಲ್ಲಿ ಅವರು ಹಿಂದಿ ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದರು. ನನಗದು ಅಚ್ಚುಕಟ್ಟು ಕೆಲಸ ಅನಿಸುತ್ತೆ. ದಿಲ್ಲಿಯವರಿಗೆ ತಮಾಷೆಯಾಗಿ ಕಂಡಿತು. ಹಾಸನದ ಕಡೆ ಮಾತ್ರ ಈ ಗೇಲಿ ಉಲ್ಟಾ ಹೊಡೆಯಿತು. ‘ನಮ್ಮ ಗೌಡ್ರನ್ನ ಆಡಿಕೊಳ್ತಾರೆ’ ಅಂತ ಜನ ಇನ್ನೂ ಹತ್ತಿರವಾದರು. ‘ಮಣ್ಣಿನ ಮಗ’ ಅನ್ನೋ ಹೆಸರಿಗೆ ಆ ನಗುವೇ ಗೊಬ್ಬರ ಹಾಕಿತು ಅಂತ ನನ್ನ ಲೆಕ್ಕ.

ನನ್ನ ಪೂರಣದಲ್ಲಿ ಗೌಡರೇ ಇಲ್ಲ:

ಛಲದ ರಾವಣಗವನು ಬುದ್ಧಿ ಹೇಳಿಯು ಕೂಡ
ಕುಲಕಾಗಿ ಕಡೆಗಾಳಗದಲಿ ಬಿದ್ದ
ಹಲವರಿಗೆ ನೆನಪಿರುವುದೊಂದೆ ನಿದ್ದೆಯ ಗೊರಕೆ
ಮಲಗಿದವನೇ ಮನೆಯ ಕಾಯ್ದನಲ್ಲಾ

ಲಘುಗುರು: ಕುಂಭಕರ್ಣ! ಇದಕ್ಕೇ ನನ್ನ ಚಪ್ಪಾಳೆ. ಆದರೂ ಒಂದು ತಕರಾರು. ಲಂಕೆ ಉಳಿಯಲಿಲ್ಲವಲ್ಲ, ಕಾಯ್ದದ್ದೇನು ಬಂತು?

ಹೊಳೆದಂಡೆ: ಸರ್ಕಾರವೂ ಉಳಿಯಲಿಲ್ಲ. ಸೀತಾರಾಂ ಕೇಸರಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು, 1997ರ ಏಪ್ರಿಲ್ 11ರಂದು ವಿಶ್ವಾಸಮತದಲ್ಲಿ ಬಿತ್ತು. ಅವತ್ತು ಸದನದಲ್ಲಿ ಗೌಡರು ಜೋರಾಗಿಯೇ ಮಾತಾಡಿದರು. ಆ ಫೋಟೋ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಅದರ ಮೇಲೂ ಒಂದು ಚೌಪದಿ ಕಟ್ಟೋಣ.